ಮೊದಲು ಎಣಿಕೆ, ಆಮೇಲೆ ಗೆರೆ: ಲೂಯಿಸ್ ರಚನೆ ಬರೆಯುವ ಬಗೆ

ಅಣುವಿನ ಬಂಧಗಳನ್ನು ಗೆರೆಗಳಿಂದಲೂ ಉಳಿದ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಚುಕ್ಕಿಗಳಿಂದಲೂ ತೋರಿಸುವ ಚಿತ್ರವೇ ಲೂಯಿಸ್ ರಚನೆ. ಕಾರ್ಬನ್ ಡೈಆಕ್ಸೈಡಿನ ಲೂಯಿಸ್ ರಚನೆ ಕೇಳಿದರೆ ಹೆಚ್ಚಿನ ವಿದ್ಯಾರ್ಥಿಗಳು ಕಣ್ಣುಮುಚ್ಚಿ ಬರೆಯುತ್ತಾರೆ. ಅದರಂತೆಯೇ ಮೂರು ಪರಮಾಣುಗಳಿರುವ ಓಜೋನ್ ಕೇಳಿ ನೋಡಿ, ಪೆನ್ಸಿಲ್ ನಿಂತುಬಿಡುತ್ತದೆ. ಕಾರ್ಬನ್‌ಗೆ ನಾಲ್ಕು ಕೈ, ಆಕ್ಸಿಜನ್‌ಗೆ ಎರಡು ಕೈ, ಹೈಡ್ರೋಜನ್‌ಗೆ ಒಂದೇ ಕೈ ಎಂದು ಹೈಸ್ಕೂಲಿನಲ್ಲಿ ಕಲಿತ ಉಪಾಯ ನೀರು, ಮೀಥೇನ್‌ವರೆಗೆ ಚೆನ್ನಾಗಿಯೇ ಸಾಗುತ್ತದೆ. ಓಜೋನ್, ನೈಟ್ರೇಟ್, ಕಾರ್ಬನ್ ಮಾನಾಕ್ಸೈಡ್ ಬಂದಾಗ ಕೈಕೊಡುತ್ತದೆ. ಅಲ್ಲಿ ನೆರವಿಗೆ ಬರುವುದು ಎಲೆಕ್ಟ್ರಾನ್‌ಗಳ ಜಮಾಖರ್ಚು. ಎಷ್ಟು ಬಂತು, ಬಂಧಗಳಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು: ಈ ಮೂರು ಅಂಕಿಗಳನ್ನು ಹಾಳೆಯ ಅಂಚಿನಲ್ಲಿ ಬರೆದಿಟ್ಟುಕೊಂಡವರ ಚಿತ್ರ ತಪ್ಪುವುದು ಅಪರೂಪ.

ಈ ಬಗೆಯ ಚಿತ್ರಗಳಿಗೆ ಹೆಸರು ಬಂದದ್ದು ಅಮೆರಿಕದ ರಸಾಯನ ವಿಜ್ಞಾನಿ ಗಿಲ್ಬರ್ಟ್ ನ್ಯೂಟನ್ ಲೂಯಿಸ್ ಅವರಿಂದ. ಎರಡು ಪರಮಾಣುಗಳು ಒಂದು ಜೋಡಿ ಎಲೆಕ್ಟ್ರಾನ್‌ಗಳನ್ನು ಹಂಚಿಕೊಳ್ಳುವುದೇ ರಾಸಾಯನಿಕ ಬಂಧ ಎಂಬ ವಿಚಾರವನ್ನು ಅವರು 1916ರಲ್ಲಿ ಪ್ರಕಟಿಸಿದರು. ಆಗ ಅವರು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿದ್ದರು. ಅದಕ್ಕೂ ಮುಂಚೆ, 1902ರಲ್ಲೇ, ಪರಮಾಣುವನ್ನು ಒಂದು ಘನಾಕೃತಿಯಾಗಿ ಊಹಿಸಿ ಅದರ ಎಂಟು ಮೂಲೆಗಳಲ್ಲಿ ಎಲೆಕ್ಟ್ರಾನ್‌ಗಳನ್ನು ಕೂರಿಸಿ ಚಿತ್ರ ಗೀಚಿದ್ದರು. ಪರಮಾಣುವಿನ ಸುತ್ತ ಎಂಟು ಎಲೆಕ್ಟ್ರಾನ್ ತುಂಬಬೇಕೆಂಬ ಎಂಟರ ಲೆಕ್ಕ, ಅಂದರೆ ಅಷ್ಟಕ, ಅಲ್ಲಿಂದಲೇ ಶುರು.

ಕೆಳಗೆ ಧಾತುಗಳ ಹೆಸರನ್ನು ಪೂರ್ತಿ ಬರೆದಿದೆ. ನೀವು ಹಾಳೆಯ ಮೇಲೆ ಬರೆಯುವಾಗ ಸಂಕೇತಗಳನ್ನೇ ಬಳಸಿ, ಮತ್ತು ಪೆನ್ಸಿಲಿನಲ್ಲೇ ಬರೆಯಿರಿ. ಆರನೇ ಹಂತದಲ್ಲಿ ಚುಕ್ಕಿ ಅಳಿಸಿ ಗೆರೆ ಮಾಡುವ ಕೆಲಸ ಇದ್ದೇ ಇರುತ್ತದೆ.

ಗೆರೆ, ಚುಕ್ಕಿ, ಒಂಟಿ ಜೋಡಿ

ಒಂದು ಗೆರೆ ಎಂದರೆ ಎರಡು ಎಲೆಕ್ಟ್ರಾನ್. ಎರಡು ಗೆರೆ ದ್ವಿಬಂಧ, ನಾಲ್ಕು ಎಲೆಕ್ಟ್ರಾನ್. ಮೂರು ಗೆರೆ ತ್ರಿಬಂಧ, ಆರು ಎಲೆಕ್ಟ್ರಾನ್. ಬಂಧದಲ್ಲಿ ಭಾಗವಹಿಸದೆ ಒಂದೇ ಪರಮಾಣುವಿನ ಬಳಿ ಉಳಿದ ಎರಡು ಎಲೆಕ್ಟ್ರಾನ್‌ಗಳನ್ನು ಎರಡು ಚುಕ್ಕಿಗಳಾಗಿ ತೋರಿಸುತ್ತೇವೆ. ಇದು ಒಂಟಿ ಜೋಡಿ, ಪಿಯುಸಿ ತರಗತಿಯ ಮಾತಿನಲ್ಲಿ ಲೋನ್ ಪೇರ್. ಒಂಟಿಯೂ ಹೌದು, ಜೋಡಿಯೂ ಹೌದು; ಹೆಸರು ವಿಚಿತ್ರವಾದರೂ ಮರೆಯುವುದಿಲ್ಲ.

ಎಸ್ಸೆಸ್ಸೆಲ್ಸಿಯ ಎಲೆಕ್ಟ್ರಾನ್ ಚುಕ್ಕಿ ರಚನೆಯಲ್ಲಿ ಒಂದು ಪರಮಾಣುವಿನ ಎಲೆಕ್ಟ್ರಾನ್‌ಗೆ ಚುಕ್ಕಿ, ಇನ್ನೊಂದರದಕ್ಕೆ ಗುಣಿಸು ಚಿಹ್ನೆ ಹಾಕುವುದುಂಟು. ಯಾರದು ಯಾವುದು ಎಂದು ಕಲಿಯುವಾಗ ಅದು ಅನುಕೂಲ. ನಿಜದಲ್ಲಿ ಎಲೆಕ್ಟ್ರಾನ್‌ಗಳಿಗೆ ಊರು ಮನೆಯ ಗುರುತಿಲ್ಲ. ಬಂಧವಾದ ಮೇಲೆ ಇದು ಹೈಡ್ರೋಜನ್‌ನಿಂದ ಬಂದದ್ದು, ಅದು ಕ್ಲೋರೀನ್‌ನಿಂದ ಬಂದದ್ದು ಎಂದು ಬೇರ್ಪಡಿಸಲಾಗದು. ಹಾಗಾಗಿ ಲೂಯಿಸ್ ರಚನೆಯಲ್ಲಿ ಎಲ್ಲರ ಎಲೆಕ್ಟ್ರಾನ್‌ಗಳನ್ನೂ ಒಂದೇ ಹುಂಡಿಗೆ ಹಾಕಿ, ಅಲ್ಲಿಂದ ಹಂಚುತ್ತೇವೆ. ವಿಧಾನದ ಜೀವಾಳ ಇಷ್ಟೇ.

ಹಂತ 1: ಹುಂಡಿಯಲ್ಲಿ ಎಷ್ಟಿದೆ?

ಎಣಿಸಬೇಕಾದದ್ದು ಅತ್ಯಂತ ಹೊರಕವಚದ ಎಲೆಕ್ಟ್ರಾನ್‌ಗಳನ್ನು ಮಾತ್ರ, ಅಂದರೆ ವೇಲೆನ್ಸ್ ಎಲೆಕ್ಟ್ರಾನ್‌ಗಳನ್ನು. ಆವರ್ತ ಕೋಷ್ಟಕದ 13ರಿಂದ 18ನೇ ಗುಂಪಿನವರೆಗೆ ಗುಂಪಿನ ಸಂಖ್ಯೆಯಿಂದ 10 ಕಳೆದರೆ ಸಾಕು. ಪದೇ ಪದೇ ಬೇಕಾಗುವವು ಇವು: ಹೈಡ್ರೋಜನ್ 1, ಬೋರಾನ್ 3, ಕಾರ್ಬನ್, ಸಿಲಿಕಾನ್ 4, ನೈಟ್ರೋಜನ್, ರಂಜಕ 5, ಆಕ್ಸಿಜನ್, ಗಂಧಕ 6, ಫ್ಲೋರೀನ್, ಕ್ಲೋರೀನ್, ಬ್ರೋಮೀನ್, ಅಯೋಡಿನ್ 7, ಕ್ಸೆನಾನ್ 8.

ಅಯಾನು ಆಗಿದ್ದರೆ ಆವೇಶವನ್ನೂ ಲೆಕ್ಕಕ್ಕೆ ತನ್ನಿ. ಋಣ ಆವೇಶ ಎಂದರೆ ಎಲೆಕ್ಟ್ರಾನ್ ಹೆಚ್ಚಾಗಿ ಬಂದಿದೆ, ಕೂಡಿಸಿ. ಧನ ಆವೇಶ ಎಂದರೆ ಎಲೆಕ್ಟ್ರಾನ್ ಹೋಗಿದೆ, ಕಳೆಯಿರಿ. ಧನ ಎಂದರೆ ಕೂಡಿಸುವುದು ಎಂಬ ಅಭ್ಯಾಸಬಲದಿಂದ ಇಲ್ಲಿ ತಲೆಕೆಳಗು ಮಾಡುವವರೇ ಹೆಚ್ಚು. ಅಮೋನಿಯಂ ಅಯಾನಿನಲ್ಲಿ ನೈಟ್ರೋಜನ್ 5, ನಾಲ್ಕು ಹೈಡ್ರೋಜನ್ 4, ಒಟ್ಟು 9; ಆವೇಶ +1 ಆದ್ದರಿಂದ 8. ಇಲ್ಲಿ 10 ಬರೆದುಕೊಂಡರೆ ಆ ಎರಡು ಹೆಚ್ಚುವರಿ ಎಲೆಕ್ಟ್ರಾನ್‌ಗಳಿಗೆ ಕೊನೆಯವರೆಗೂ ಜಾಗ ಸಿಗುವುದಿಲ್ಲ. ಜಾಗವೇ ಸಿಗದ ಚುಕ್ಕಿಗಳು ಉಳಿದುಕೊಂಡರೆ ಮೊದಲು ಅನುಮಾನಿಸಬೇಕಾದದ್ದು ಈ ಹಂತವನ್ನೇ.

ಹಂತ 2: ನಡುವೆ ಯಾರು?

ಹೈಡ್ರೋಜನ್ ಎಂದೂ ನಡುವೆ ಬರುವುದಿಲ್ಲ. ಅದಕ್ಕಿರುವುದು ಒಂದೇ ಬಂಧದ ಶಕ್ತಿ. ಫ್ಲೋರೀನ್ ಕೂಡ ಹೊರಗೇ. ಉಳಿದವರಲ್ಲಿ ವಿದ್ಯುದೃಣತೆ (ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆಯುವ ಶಕ್ತಿ) ಕಡಿಮೆ ಇರುವ ಪರಮಾಣು ಸಾಮಾನ್ಯವಾಗಿ ಕೇಂದ್ರ. ಅದನ್ನು ಅಳೆಯುವ ಪೌಲಿಂಗ್ ಮಾಪಕದಲ್ಲಿ ಕಾರ್ಬನ್ 2.55, ನೈಟ್ರೋಜನ್ 3.04, ಆಕ್ಸಿಜನ್ 3.44, ಫ್ಲೋರೀನ್ 3.98. ಎಲೆಕ್ಟ್ರಾನ್‌ಗಳನ್ನು ತನ್ನತ್ತ ಬಲವಾಗಿ ಎಳೆಯುವ ಪರಮಾಣು ಹಂಚಿಕೊಳ್ಳಲು ಅಷ್ಟಾಗಿ ಮುಂದಾಗದು, ಅಂಚಿನಲ್ಲಿ ಉಳಿಯುತ್ತದೆ. ಕಾರ್ಬನ್ ಇದ್ದರೆ ಬಹುಪಾಲು ಅದೇ ನಡುವೆ.

ಸೂತ್ರದಲ್ಲಿ ಮೊದಲು ಬರೆದದ್ದೇ ಕೇಂದ್ರ ಎಂದುಕೊಳ್ಳಬೇಡಿ. ಆಮ್ಲಗಳ ಸೂತ್ರದಲ್ಲಿ ಹೈಡ್ರೋಜನ್ ಮೊದಲು ಬರುತ್ತದೆ. ಆದರೆ ನೈಟ್ರಿಕ್ ಆಮ್ಲದಲ್ಲಾಗಲಿ ಸಲ್ಫ್ಯೂರಿಕ್ ಆಮ್ಲದಲ್ಲಾಗಲಿ ಹೈಡ್ರೋಜನ್ ಅಂಟಿಕೊಂಡಿರುವುದು ಆಕ್ಸಿಜನ್‌ಗೆ. ಗಂಧಕಕ್ಕೆ ನೇರವಾಗಿ ಹೈಡ್ರೋಜನ್ ಜೋಡಿಸಿದ ಸಲ್ಫ್ಯೂರಿಕ್ ಆಮ್ಲದ ಚಿತ್ರ ಉತ್ತರಪತ್ರಿಕೆಗಳ ಹಳೆಯ ತಪ್ಪು. ಅಸಿಟಿಕ್ ಆಮ್ಲದಂಥ ಕಾರ್ಬನ್ ಸಂಯುಕ್ತಗಳ ಸೂತ್ರವನ್ನಂತೂ ಎಡದಿಂದ ಬಲಕ್ಕೆ ಓದಿದರೆ ಜೋಡಣೆಯ ಕ್ರಮವೇ ಸಿಗುತ್ತದೆ.

ಹಂತ 3ರಿಂದ 6: ಹಂಚಿಕೆ

ಇವನ್ನು ಒಂದು ಉದಾಹರಣೆಯ ಮೇಲೆಯೇ ನೋಡೋಣ. ಫಾರ್ಮಾಲ್ಡಿಹೈಡ್: ಒಂದು ಕಾರ್ಬನ್, ಎರಡು ಹೈಡ್ರೋಜನ್, ಒಂದು ಆಕ್ಸಿಜನ್. ಹುಂಡಿ: 4 + 2 + 6 = 12.

ಮೂರನೇ ಹಂತದಲ್ಲಿ ಕೇಂದ್ರದ ಕಾರ್ಬನ್‌ಗೆ ಉಳಿದ ಮೂವರನ್ನೂ ಒಂದೊಂದೇ ಗೆರೆಯಿಂದ ಜೋಡಿಸಿ. ಮೂರು ಗೆರೆ, 6 ಎಲೆಕ್ಟ್ರಾನ್ ಖರ್ಚು. ಉಳಿಕೆ 6.

ನಾಲ್ಕನೇ ಹಂತದಲ್ಲಿ ಹೊರಗಿನವರ ಅಷ್ಟಕ ತುಂಬಿಸಿ. ಹೈಡ್ರೋಜನ್‌ಗೆ ಎರಡು ಸಾಕು, ಅದು ಗೆರೆಯಲ್ಲೇ ಸಿಕ್ಕಿದೆ. ಅದರ ಮೇಲೆ ಚುಕ್ಕಿ ಹಾಕಬಾರದು. ಆಕ್ಸಿಜನ್‌ಗೆ ಗೆರೆಯಿಂದ 2 ಬಂದಿದೆ, ಇನ್ನು 6 ಬೇಕು. ಮೂರು ಒಂಟಿ ಜೋಡಿ ಕೊಟ್ಟರೆ ಹುಂಡಿ ಖಾಲಿ.

ಐದನೇ ಹಂತ: ಉಳಿಕೆ ಏನಾದರೂ ಇದ್ದರೆ ಕೇಂದ್ರ ಪರಮಾಣುವಿಗೆ. ಇಲ್ಲಿ ಇಲ್ಲ.

ಆರನೇ ಹಂತ: ಕೇಂದ್ರಕ್ಕೆ ಎಂಟಾಯಿತೇ? ಕಾರ್ಬನ್ ಸುತ್ತ ಮೂರು ಗೆರೆ, 6 ಮಾತ್ರ. ಎರಡರ ಕೊರತೆ. ಹುಂಡಿ ಖಾಲಿಯಾಗಿರುವುದರಿಂದ ಹೊಸ ಚುಕ್ಕಿ ತರುವಂತಿಲ್ಲ. ಆಕ್ಸಿಜನ್‌ನ ಒಂದು ಒಂಟಿ ಜೋಡಿಯನ್ನು ಅಳಿಸಿ, ಅದನ್ನೇ ಕಾರ್ಬನ್ ಮತ್ತು ಆಕ್ಸಿಜನ್ ನಡುವೆ ಎರಡನೇ ಗೆರೆಯಾಗಿ ಎಳೆಯಿರಿ. ಆಕ್ಸಿಜನ್ ಏನನ್ನೂ ಕಳೆದುಕೊಳ್ಳಲಿಲ್ಲ: ತನ್ನೊಬ್ಬನದಾಗಿದ್ದ ಜೋಡಿಯನ್ನು ಈಗ ಹಂಚಿಕೊಂಡಿದೆ, ಎಂಟು ಎಂಟಾಗಿಯೇ ಉಳಿಯಿತು. ಕಾರ್ಬನ್‌ಗೂ ಎಂಟಾಯಿತು.

ಕೊನೆಗೆ ಮರುಎಣಿಕೆ: ನಾಲ್ಕು ಗೆರೆ 8, ಆಕ್ಸಿಜನ್ ಮೇಲಿನ ಎರಡು ಒಂಟಿ ಜೋಡಿ 4, ಒಟ್ಟು 12. ಹುಂಡಿಗೆ ತಾಳೆಯಾಯಿತು.

ಆರನೇ ಹಂತದಲ್ಲಿ ಎಡವುವುದು ಹೇಗೆಂದರೆ, ಎರಡನೇ ಗೆರೆ ಎಳೆದು ಹಳೆಯ ಚುಕ್ಕಿಗಳನ್ನು ಹಾಗೇ ಬಿಟ್ಟುಬಿಡುವುದು. ಆಗ ಆಕ್ಸಿಜನ್ ಸುತ್ತ ಹತ್ತು ಎಲೆಕ್ಟ್ರಾನ್, ಒಟ್ಟು 14. ಮರುಎಣಿಕೆ ಮಾಡಿದರೆ ಕ್ಷಣದಲ್ಲಿ ಸಿಕ್ಕಿಬೀಳುವ ತಪ್ಪು. ಮಾಡದಿದ್ದರೆ ಕಣ್ಣಿಗೆ ಬೀಳದು, ಏಕೆಂದರೆ ಚಿತ್ರ ನೋಡಲು ಚೆನ್ನಾಗಿಯೇ ಇರುತ್ತದೆ.

ನೀರು ಮತ್ತು ಅಮೋನಿಯಾಕ್ಕೆ ಆರನೇ ಹಂತವೇ ಬೇಡ. ನೀರು: ಹುಂಡಿ 8, ಎರಡು ಗೆರೆಗೆ 4, ಉಳಿದ 4 ಆಕ್ಸಿಜನ್ ಮೇಲೆ ಎರಡು ಒಂಟಿ ಜೋಡಿ. ಅಮೋನಿಯಾ: ಹುಂಡಿ 8, ಮೂರು ಗೆರೆಗೆ 6, ಉಳಿದ 2 ನೈಟ್ರೋಜನ್ ಮೇಲೆ. ಈ ಕೊನೆಯ ಒಂಟಿ ಜೋಡಿಯನ್ನು ಮರೆಯುವವರು ಬಹಳ. ಬಂಧಗಳು ಮೂರೂ ಸರಿಯಾಗಿವೆ ಎಂಬ ಸಮಾಧಾನದಲ್ಲಿ ನೈಟ್ರೋಜನ್‌ನ ನೆತ್ತಿ ಬೋಳಾಗಿ ಉಳಿಯುತ್ತದೆ. ಅಮೋನಿಯಾ ಪ್ರತ್ಯಾಮ್ಲವಾಗಿ ವರ್ತಿಸುವುದೇ ಆ ಜೋಡಿಯಿಂದ.

ಬಂಧ ಎಷ್ಟೆಂದು ಮುಂಚೆಯೇ ತಿಳಿಯುವ ಲೆಕ್ಕ

ಪರೀಕ್ಷೆಯ ಹೊತ್ತಿನಲ್ಲಿ ಅಳಿಸಿ ಬರೆಯುವ ಪುರಸೊತ್ತಿಲ್ಲದಿದ್ದರೆ ಒಂದು ಚಿಕ್ಕ ಲೆಕ್ಕ ಇದೆ. ಪ್ರತಿ ಪರಮಾಣುವಿಗೂ ಪ್ರತ್ಯೇಕವಾಗಿ ಎಷ್ಟು ಬೇಕೋ ಅದನ್ನು ಕೂಡಿಸಿ: ಹೈಡ್ರೋಜನ್‌ಗೆ 2, ಉಳಿದವರಿಗೆ 8. ಅದರಿಂದ ಹುಂಡಿಯಲ್ಲಿರುವುದನ್ನು ಕಳೆಯಿರಿ. ಬಂದ ಕೊರತೆಯನ್ನು ಹಂಚಿಕೊಂಡೇ ತುಂಬಿಸಬೇಕು; ಹಾಗಾಗಿ ಅದರ ಅರ್ಧವೇ ಬಂಧಗಳ ಸಂಖ್ಯೆ.

ಕಾರ್ಬನ್ ಡೈಆಕ್ಸೈಡ್: ಬೇಕಾದದ್ದು 24, ಇರುವುದು 16, ಕೊರತೆ 8, ಬಂಧ 4. ಹೈಡ್ರೋಜನ್ ಸಯನೈಡ್: ಬೇಕಾದದ್ದು 18, ಇರುವುದು 10, ಬಂಧ 4, ಹೈಡ್ರೋಜನ್‌ಗೆ ಒಂದು ಹೋದರೆ ಕಾರ್ಬನ್ ನೈಟ್ರೋಜನ್ ನಡುವೆ ಮೂರು ಉಳಿಯಿತು. ಚಿತ್ರ ಹೀಗೆ:

ಹೈಡ್ರೋಜನ್ — ಕಾರ್ಬನ್ ≡ ನೈಟ್ರೋಜನ್ ( : )

ಎಸ್ಸೆಸ್ಸೆಲ್ಸಿಯಲ್ಲಿ ಕೇಳುವ ಎಥನೋಯಿಕ್ (ಅಂದರೆ ಅಸಿಟಿಕ್) ಆಮ್ಲಕ್ಕೂ ಇದು ಒಗ್ಗುತ್ತದೆ. ಬೇಕಾದದ್ದು: ಎರಡು ಕಾರ್ಬನ್, ಎರಡು ಆಕ್ಸಿಜನ್‌ಗೆ 32, ನಾಲ್ಕು ಹೈಡ್ರೋಜನ್‌ಗೆ 8, ಒಟ್ಟು 40. ಇರುವುದು 24. ಕೊರತೆ 16, ಬಂಧ 8. ಪರಮಾಣುಗಳನ್ನು ಸಾಲಾಗಿ ಜೋಡಿಸಲು ಏಳು ಗೆರೆ ಬೇಕು, ಎಂಟನೆಯದು ಕಾರ್ಬನ್ ಮತ್ತು ಹೈಡ್ರೋಜನ್ ಇಲ್ಲದ ಆಕ್ಸಿಜನ್ ನಡುವಿನ ದ್ವಿಬಂಧಕ್ಕೆ.

ಈ ಸೂತ್ರ ಸೋಲುವ ಕಡೆಯೂ ಕೆಲಸಕ್ಕೆ ಬರುತ್ತದೆ, ಅದೇ ಇದರ ಸೊಗಸು. ರಂಜಕದ ಪೆಂಟಾಕ್ಲೋರೈಡಿಗೆ ಹಾಕಿ ನೋಡಿ: ಬೇಕಾದದ್ದು 48, ಇರುವುದು 40, ಬಂಧ 4. ಐದು ಕ್ಲೋರೀನ್‌ಗಳನ್ನು ನಾಲ್ಕು ಬಂಧದಿಂದ ಕಟ್ಟುವುದು ಹೇಗೆ? ಜೋಡಿಸಲೂ ಸಾಲದಷ್ಟು ಬಂಧ ಬಂತೆಂದರೆ ಕೇಂದ್ರ ಪರಮಾಣು ಎಂಟನ್ನು ಮೀರಿದೆ ಎಂದೇ ಅರ್ಥ. ಬಂಧಗಳ ಸಂಖ್ಯೆ ಎರಡೂವರೆ ಎಂದೇನಾದರೂ ಬಂದರೆ ಅಣುವಿನಲ್ಲಿ ಜೊತೆಯಿಲ್ಲದ ಒಂದು ಎಲೆಕ್ಟ್ರಾನ್ ಇದೆ.

ಹಂತ 7: ಫಾರ್ಮಲ್ ಚಾರ್ಜ್

ಎಂಟರ ಲೆಕ್ಕ ಸರಿಹೋದ ಮಾತ್ರಕ್ಕೆ ಚಿತ್ರ ಸರಿ ಎನ್ನಲಾಗದು. ಕಾರ್ಬನ್ ಡೈಆಕ್ಸೈಡಿಗೆ ನಾಲ್ಕು ಬಂಧ ಎಂದು ಬಂತಲ್ಲ, ಅವನ್ನು ಎರಡು-ಎರಡು ಎಂದೂ ಹಂಚಬಹುದು, ಮೂರು-ಒಂದು ಎಂದೂ ಹಂಚಬಹುದು. ಎರಡರಲ್ಲೂ ಎಲ್ಲರಿಗೂ ಎಂಟು, ಒಟ್ಟು 16. ಯಾವುದನ್ನು ಆರಿಸುವುದು? ಇಲ್ಲಿ ಪರಮಾಣುವಿಗೊಂದು ಖಾತೆ ತೆರೆಯಬೇಕು:

ಫಾರ್ಮಲ್ ಚಾರ್ಜ್ = ವೇಲೆನ್ಸ್ ಎಲೆಕ್ಟ್ರಾನ್‌ಗಳು − ಚುಕ್ಕಿಗಳು − ಗೆರೆಗಳು

ಚುಕ್ಕಿ ಪೂರ್ತಿ ಆ ಪರಮಾಣುವಿನದು. ಗೆರೆಯಲ್ಲಿ ಅರ್ಧ ಪಾಲು, ಅಂದರೆ ಒಂದು. ಅದಕ್ಕೇ ಗೆರೆಗೆ ಒಂದೇ ಕಳೆಯುವುದು. ಅಷ್ಟಕ ನೋಡುವಾಗ ಮಾತ್ರ ಗೆರೆಗೆ ಎರಡು. ಈ ಎರಡು ಎಣಿಕೆಗಳನ್ನು ಕಲಸಿಕೊಳ್ಳುವುದು ಇಲ್ಲಿನ ಮುಖ್ಯ ತೊಡಕು. ಅಷ್ಟಕ ನೋಡುವಾಗ ಗೆರೆ ಇಬ್ಬರಿಗೂ ಪೂರ್ತಿ ಸೇರಿದ್ದು, ಚಾರ್ಜ್ ನೋಡುವಾಗ ಸಮಪಾಲು.

ಎರಡು-ಎರಡು ಹಂಚಿಕೆಯಲ್ಲಿ ಆಕ್ಸಿಜನ್: 6 − 4 − 2 = 0. ಕಾರ್ಬನ್: 4 − 0 − 4 = 0. ಮೂರು-ಒಂದರಲ್ಲಿ ತ್ರಿಬಂಧದ ಆಕ್ಸಿಜನ್: 6 − 2 − 3 = +1; ಏಕಬಂಧದ್ದು: 6 − 6 − 1 = −1. ಶೂನ್ಯಗಳಿರುವ ಮೊದಲನೆಯದೇ ಸರಿ. ಆಯ್ಕೆಯ ಕ್ರಮ ಇಷ್ಟು: ಚಾರ್ಜ್‌ಗಳು ಸೊನ್ನೆಗೆ ಹತ್ತಿರವಿರಬೇಕು; ಋಣ ಚಾರ್ಜ್ ಬಂದೇ ಬಂದರೆ ಅದು ವಿದ್ಯುದೃಣತೆ ಹೆಚ್ಚಿರುವ ಪರಮಾಣುವಿನ ಮೇಲಿರಬೇಕು; ಪಕ್ಕಪಕ್ಕದವರ ಮೇಲೆ ಒಂದೇ ಬಗೆಯ ಚಾರ್ಜ್ ಕೂರಬಾರದು. ಎಲ್ಲ ಚಾರ್ಜ್‌ಗಳ ಮೊತ್ತ ಅಣುವಿನಲ್ಲಿ ಸೊನ್ನೆ, ಅಯಾನಿನಲ್ಲಿ ಅದರ ಆವೇಶ. ತಾಳೆಯಾಗದಿದ್ದರೆ ಎಲ್ಲೋ ಎಣಿಕೆ ತಪ್ಪಿದೆ.

ಅಸ್ಥಿಪಂಜರವನ್ನು, ಅಂದರೆ ಯಾರಿಗೆ ಯಾರು ಅಂಟಬೇಕೆಂಬ ಜೋಡಣೆಯನ್ನು, ಆರಿಸಲೂ ಇದು ನೆರವಾಗುತ್ತದೆ. ಫಾರ್ಮಾಲ್ಡಿಹೈಡನ್ನು ಯಾರಾದರೂ ಹೈಡ್ರೋಜನ್ — ಕಾರ್ಬನ್ = ಆಕ್ಸಿಜನ್ — ಹೈಡ್ರೋಜನ್ ಎಂದು ಸಾಲಾಗಿ ಬರೆದರೆನ್ನಿ. ಎಂಟು ಎಂಟಾಗುತ್ತದೆ, 12 ಹನ್ನೆರಡೇ ಆಗುತ್ತದೆ. ಆದರೆ ಕಾರ್ಬನ್ ಮೇಲೆ −1, ಆಕ್ಸಿಜನ್ ಮೇಲೆ +1. ಎಲೆಕ್ಟ್ರಾನ್ ಎಳೆಯುವುದರಲ್ಲಿ ಮುಂದಿರುವ ಆಕ್ಸಿಜನ್ ಧನ, ಹಿಂದಿರುವ ಕಾರ್ಬನ್ ಋಣ. ಸರಿಯಾದ ಜೋಡಣೆಯಲ್ಲಿ ಎಲ್ಲವೂ ಸೊನ್ನೆ.

ಹೆಚ್ಚು ಬಳಕೆಯಾದ ಮೇಲೆ ಸೂತ್ರ ಹಾಕದೆಯೇ ಕಣ್ಣಿಗೆ ಕಾಣುತ್ತದೆ. ಎರಡು ಗೆರೆ, ಎರಡು ಒಂಟಿ ಜೋಡಿಯ ಆಕ್ಸಿಜನ್ ಸೊನ್ನೆ. ಒಂದೇ ಗೆರೆಯದು −1. ಮೂರು ಗೆರೆಯದು +1. ಮೂರು ಗೆರೆ, ಒಂದು ಒಂಟಿ ಜೋಡಿಯ ನೈಟ್ರೋಜನ್ ಸೊನ್ನೆ. ನಾಲ್ಕು ಗೆರೆಯದು +1. ಹೈಸ್ಕೂಲಿನ 'ಕೈಗಳ' ಲೆಕ್ಕ ಎಂದರೆ ಫಾರ್ಮಲ್ ಚಾರ್ಜ್ ಸೊನ್ನೆ ಇರುವ ಸಂದರ್ಭ ಮಾತ್ರ. ಅದು ಸುಳ್ಳಲ್ಲ, ಅರ್ಧ ಕಥೆ.

ಕಾರ್ಬನ್ ಮಾನಾಕ್ಸೈಡ್ ಉಳಿದರ್ಧವನ್ನು ಹೇಳುತ್ತದೆ. ಬೇಕಾದದ್ದು 16, ಇರುವುದು 10, ಬಂಧ 3. ತ್ರಿಬಂಧ, ಎರಡೂ ಕಡೆ ಒಂದೊಂದು ಒಂಟಿ ಜೋಡಿ. ಚಾರ್ಜ್: ಕಾರ್ಬನ್ −1, ಆಕ್ಸಿಜನ್ +1. ನಿಯಮಕ್ಕೆ ವಿರುದ್ಧವೆಂದು ಹೆದರಿ ದ್ವಿಬಂಧ ಬರೆಯುವವರಿದ್ದಾರೆ. ಆಗ ಕಾರ್ಬನ್ ಆರಕ್ಕೇ ನಿಲ್ಲುತ್ತದೆ. ಆವರ್ತ ಕೋಷ್ಟಕದ ಎರಡನೇ ಸಾಲಿನ ಕಾರ್ಬನ್, ನೈಟ್ರೋಜನ್, ಆಕ್ಸಿಜನ್‌ಗಳಲ್ಲಿ ಅಷ್ಟಕ ತುಂಬುವುದೇ ಮೊದಲ ಮಾತು, ಚಾರ್ಜ್ ಆಮೇಲಿನದು. ಈ ಅಣುವಿನ ಅಳೆದು ನೋಡಿದ ದ್ವಿಧ್ರುವ ಭ್ರಾಮಕ (ಡೈಪೋಲ್ ಮೊಮೆಂಟ್, ಧನ ಋಣ ತುದಿಗಳು ಎಷ್ಟು ಬೇರ್ಪಟ್ಟಿವೆ ಎಂಬ ಅಳತೆ) ತೀರಾ ಚಿಕ್ಕದು, ಸುಮಾರು 0.1 ಡಿಬೈ, ಅದರಲ್ಲೂ ಋಣ ತುದಿ ಕಾರ್ಬನ್ ಕಡೆಗೇ. ಕಾರ್ಬನ್ ಮೇಲಿನ ಆ ಒಂಟಿ ಜೋಡಿಯ ಮೂಲಕವೇ ಈ ವಿಷಾನಿಲ ರಕ್ತದ ಹಿಮೋಗ್ಲೋಬಿನ್‌ನ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ.

ಒಂದು ಚಿತ್ರ ಸಾಲದಾದಾಗ

ಈಗ ಓಜೋನ್. ಬೇಕಾದದ್ದು 24, ಇರುವುದು 18, ಬಂಧ 3. ಎರಡು ಜೋಡಣೆಗೆ ಮೂರು ಬಂಧ: ಒಂದು ಕಡೆ ದ್ವಿಬಂಧ, ಇನ್ನೊಂದು ಕಡೆ ಏಕಬಂಧ. ನಡುವಿನ ಆಕ್ಸಿಜನ್‌ಗೆ ಒಂದು ಒಂಟಿ ಜೋಡಿ, ಚಾರ್ಜ್ +1. ಏಕಬಂಧದ ಆಕ್ಸಿಜನ್‌ಗೆ −1.

ದ್ವಿಬಂಧ ಎಡಕ್ಕೋ ಬಲಕ್ಕೋ? ಎರಡೂ ಸಮಾನ ಯೋಗ್ಯತೆಯವು. ಹಾಗಿದ್ದಾಗ ಎರಡನ್ನೂ ಬರೆದು ನಡುವೆ ಎರಡು ತುದಿಯ ಬಾಣ ಹಾಕುತ್ತೇವೆ. ಇದು ಅನುರಣನ, ರೆಸೊನೆನ್ಸ್. ಅಣು ಈ ರೂಪದಿಂದ ಆ ರೂಪಕ್ಕೆ ಓಲಾಡುತ್ತಿದೆ ಎಂದು ಭಾವಿಸಬಾರದು. ಅಳತೆ ಹೇಳುವುದು ಬೇರೆ: ಓಜೋನ್‌ನ ಎರಡೂ ಬಂಧಗಳ ಉದ್ದ ಒಂದೇ, ಸುಮಾರು 128 ಪಿಕೋಮೀಟರ್. ಆಕ್ಸಿಜನ್ ಅನಿಲದ ದ್ವಿಬಂಧ 121, ಹೈಡ್ರೋಜನ್ ಪೆರಾಕ್ಸೈಡಿನ ಆಕ್ಸಿಜನ್‌ಗಳ ನಡುವಿನ ಏಕಬಂಧ ಅಂದಾಜು 147. ಓಜೋನ್‌ನದು ಇವೆರಡರ ನಡುವೆ. ನಮ್ಮ ಗೆರೆಗಳಿಗೆ 'ಒಂದೂವರೆ' ತೋರಿಸುವ ಶಕ್ತಿ ಇಲ್ಲ, ಅದಕ್ಕೇ ಎರಡು ಚಿತ್ರ.

ಬಾಣದ ವಿಷಯದಲ್ಲಿ ಎಚ್ಚರ. ಒಂದೇ ಗೆರೆಗೆ ಎರಡು ತುದಿಯಲ್ಲೂ ಮೊನೆ ಇರುವುದು ಅನುರಣನದ ಬಾಣ. ವಿರುದ್ಧ ದಿಕ್ಕಿನ ಎರಡು ಬಾಣಗಳನ್ನು ಮೇಲೆ ಕೆಳಗೆ ಬರೆದರೆ ಅದು ರಾಸಾಯನಿಕ ಸಮತೋಲನ, ಅರ್ಥವೇ ಬೇರೆ. ಅನುರಣನ ರೂಪಗಳಲ್ಲಿ ಪರಮಾಣುಗಳು ಜಾಗ ಬಿಟ್ಟು ಕದಲುವಂತಿಲ್ಲ; ಕದಲುವುದು ಒಂಟಿ ಜೋಡಿಗಳು ಮತ್ತು ಎರಡನೇ, ಮೂರನೇ ಗೆರೆಗಳು ಮಾತ್ರ. ಹೈಡ್ರೋಜನ್ ಸಯನೈಡಿನ ಹೈಡ್ರೋಜನ್ನನ್ನು ಕಾರ್ಬನ್‌ನಿಂದ ಕಿತ್ತು ನೈಟ್ರೋಜನ್‌ಗೆ ಅಂಟಿಸಿದರೆ ಅದು ಅನುರಣನ ರೂಪವಲ್ಲ, ಹೈಡ್ರೋಜನ್ ಐಸೊಸಯನೈಡ್ ಎಂಬ ಬೇರೆಯೇ ಅಣು. ಅಂತರತಾರಾ ಮೋಡಗಳಲ್ಲಿ ಅದನ್ನು ಪತ್ತೆ ಮಾಡಿಯೂ ಇದ್ದಾರೆ.

ನೈಟ್ರೇಟ್ ಅಯಾನಿನಲ್ಲಿ ಹುಂಡಿ 5 + 18 + 1 = 24, ಬೇಕಾದದ್ದು 32, ಬಂಧ 4. ಒಂದು ಆಕ್ಸಿಜನ್‌ಗೆ ದ್ವಿಬಂಧ, ಉಳಿದೆರಡಕ್ಕೆ ಏಕಬಂಧ. ಮೂರು ಅನುರಣನ ರೂಪ. ನೈಟ್ರೋಜನ್ +1, ಏಕಬಂಧದ ಆಕ್ಸಿಜನ್‌ಗಳು ತಲಾ −1, ಮೊತ್ತ −1. ನೈಟ್ರೋಜನ್ ಮೇಲಿನ +1 ಅನ್ನು ಹೋಗಲಾಡಿಸಲು ಇನ್ನೊಂದು ದ್ವಿಬಂಧ ಎಳೆದು ಐದು ಗೆರೆ ಮಾಡುವ ಆಸೆ ಬರುತ್ತದೆ. ಬೇಡ. ನೈಟ್ರೋಜನ್ ಎರಡನೇ ಸಾಲಿನದು, ಅದರ ಸುತ್ತ ಹತ್ತು ಎಲೆಕ್ಟ್ರಾನ್ ಕೂರುವುದಿಲ್ಲ.

ಅನುರಣನ ರೂಪಗಳೆಲ್ಲ ಸಮಾನವಾಗಿರಲೇಬೇಕೆಂದಿಲ್ಲ. ನೈಟ್ರಸ್ ಆಕ್ಸೈಡ್ ನೋಡಿ. ಇಲ್ಲಿ ಎರಡು ನೈಟ್ರೋಜನ್ ಪಕ್ಕಪಕ್ಕ, ತುದಿಯಲ್ಲಿ ಆಕ್ಸಿಜನ್. ಹುಂಡಿ 16, ಬಂಧ 4, ಮೂರು ರೂಪ ಸಾಧ್ಯ:

ನೈಟ್ರೋಜನ್ ≡ ನೈಟ್ರೋಜನ್ — ಆಕ್ಸಿಜನ್: ಚಾರ್ಜ್ 0, +1, −1
ನೈಟ್ರೋಜನ್ = ನೈಟ್ರೋಜನ್ = ಆಕ್ಸಿಜನ್: ಚಾರ್ಜ್ −1, +1, 0
ನೈಟ್ರೋಜನ್ — ನೈಟ್ರೋಜನ್ ≡ ಆಕ್ಸಿಜನ್: ಚಾರ್ಜ್ −2, +1, +1

ಮೂರನೆಯದರಲ್ಲಿ ಚಾರ್ಜ್ ದೊಡ್ಡದು, ಮೇಲಾಗಿ ಪಕ್ಕದ ಇಬ್ಬರೂ ಧನ, ಕೈಬಿಡಿ. ಮೊದಲೆರಡರಲ್ಲಿ ಋಣ ಚಾರ್ಜ್ ಆಕ್ಸಿಜನ್ ಮೇಲಿರುವ ಮೊದಲನೆಯದಕ್ಕೆ ತೂಕ ಹೆಚ್ಚು, ಎರಡನೆಯದೂ ಲೆಕ್ಕಕ್ಕುಂಟು.

ಎಂಟಕ್ಕೆ ಒಗ್ಗದವರು

ಬೋರಾನ್ ಟ್ರೈಫ್ಲೋರೈಡಿನಲ್ಲಿ ಹುಂಡಿ 24. ಮೂರು ಗೆರೆಗೆ 6, ಫ್ಲೋರೀನ್‌ಗಳಿಗೆ 18, ಮುಗಿಯಿತು. ಬೋರಾನ್ ಬಳಿ ಆರೇ. ಆರನೇ ಹಂತ ಹೇಳಿತೆಂದು ದ್ವಿಬಂಧ ಎಳೆದರೆ ಫ್ಲೋರೀನ್ ಮೇಲೆ +1 ಬರುತ್ತದೆ. ವಿದ್ಯುದೃಣತೆಯಲ್ಲಿ ಎಲ್ಲರಿಗಿಂತ ಮುಂದಿರುವ ಧಾತುವಿಗೆ ಧನ ಚಾರ್ಜ್ ಹೊರಿಸುವುದು ಒಪ್ಪುವ ಮಾತಲ್ಲ. ಆರಕ್ಕೇ ಬಿಡಿ. ಆ ಖಾಲಿ ಜಾಗಕ್ಕೆ ಅಮೋನಿಯಾದ ಒಂಟಿ ಜೋಡಿ ಬಂದು ಕೂರುತ್ತದೆ. ಜೋಡಿ ಪಡೆಯುವುದು ಆಮ್ಲ, ಕೊಡುವುದು ಪ್ರತ್ಯಾಮ್ಲ ಎಂಬ ಲೂಯಿಸ್ ಅವರ 1923ರ ವ್ಯಾಖ್ಯೆಗೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಸಿಗದು.

ಮೂರನೇ ಸಾಲು ಮತ್ತು ಅದರ ಕೆಳಗಿನ ಕೇಂದ್ರ ಪರಮಾಣುಗಳು ಎಂಟನ್ನು ಮೀರಬಲ್ಲವು. ಅವು ದೊಡ್ಡವು, ಸುತ್ತ ಹೆಚ್ಚು ಜನಕ್ಕೆ ಜಾಗವಿದೆ. ರಂಜಕದ ಪೆಂಟಾಕ್ಲೋರೈಡಿನಲ್ಲಿ ಹತ್ತು, ಗಂಧಕದ ಹೆಕ್ಸಾಫ್ಲೋರೈಡಿನಲ್ಲಿ ಹನ್ನೆರಡು. ಇಂಥಲ್ಲಿ ಐದನೇ ಹಂತವನ್ನು ನಿಷ್ಠೆಯಿಂದ ಪಾಲಿಸಿದರೆ ಸಾಕು: ಉಳಿದದ್ದೆಲ್ಲ ಕೇಂದ್ರಕ್ಕೆ. ಕ್ಸೆನಾನ್ ಟೆಟ್ರಾಫ್ಲೋರೈಡ್: ಹುಂಡಿ 36, ನಾಲ್ಕು ಗೆರೆಗೆ 8, ಫ್ಲೋರೀನ್‌ಗಳಿಗೆ 24, ಉಳಿದ 4 ಕ್ಸೆನಾನ್ ಮೇಲೆ ಎರಡು ಒಂಟಿ ಜೋಡಿ. ಟ್ರೈಅಯೋಡೈಡ್ ಅಯಾನು: ಹುಂಡಿ 22, ಗೆರೆಗೆ 4, ತುದಿಯವರಿಗೆ 12, ನಡುವಿನ ಅಯೋಡಿನ್ ಮೇಲೆ ಮೂರು ಒಂಟಿ ಜೋಡಿ.

ಸಲ್ಫೇಟ್ ಬಗ್ಗೆ ಎರಡು ಪದ್ಧತಿ ಇವೆ. ನಾಲ್ಕೂ ಏಕಬಂಧ ಬರೆದರೆ ಅಷ್ಟಕ ಸರಿಹೋಗುತ್ತದೆ, ಗಂಧಕದ ಮೇಲೆ +2. ಎರಡು ದ್ವಿಬಂಧ ಬರೆದರೆ ಗಂಧಕದ ಚಾರ್ಜ್ ಸೊನ್ನೆ, ಸುತ್ತ ಹನ್ನೆರಡು ಎಲೆಕ್ಟ್ರಾನ್. ಪಠ್ಯಪುಸ್ತಕಗಳಲ್ಲಿ ಎರಡನೆಯದು ಹೆಚ್ಚು ಕಾಣುತ್ತದೆ. ಈಚಿನ ಕ್ವಾಂಟಂ ಲೆಕ್ಕಾಚಾರಗಳು ವಾಲುವುದು ಮೊದಲನೆಯದರತ್ತ. ಪರೀಕ್ಷೆಯಲ್ಲಿ ನಿಮ್ಮ ಪಠ್ಯದ ಪದ್ಧತಿಯನ್ನು ಹಿಡಿಯುವುದು ಜಾಣತನ.

ಬೆಸ ಸಂಖ್ಯೆಯ ಹುಂಡಿ ಬಂದರೆ ಎಲ್ಲರಿಗೂ ಎಂಟು ಕೊಡುವ ಮಾತೇ ಇಲ್ಲ. ನೈಟ್ರಿಕ್ ಆಕ್ಸೈಡ್ 11: ದ್ವಿಬಂಧಕ್ಕೆ 4, ಆಕ್ಸಿಜನ್ ಮೇಲೆ 4, ನೈಟ್ರೋಜನ್ ಮೇಲೆ 3. ಒಂಟಿ ಚುಕ್ಕಿ ನೈಟ್ರೋಜನ್ ಮೇಲಿದ್ದರೆ ಇಬ್ಬರ ಚಾರ್ಜೂ ಸೊನ್ನೆ.

ಚಿತ್ರ ಸರಿಯಾಗಿದ್ದೂ ಸುಳ್ಳು ಹೇಳುವ ಒಂದು ಪ್ರಸಂಗ ನಮ್ಮ ಉಸಿರಿನಲ್ಲೇ ಇದೆ. ಆಕ್ಸಿಜನ್ ಅಣು: ದ್ವಿಬಂಧ, ತಲಾ ಎರಡು ಒಂಟಿ ಜೋಡಿ, ಎಲ್ಲ ಎಲೆಕ್ಟ್ರಾನ್‌ಗಳೂ ಜೊತೆಗೂಡಿವೆ. ಆದರೆ ದ್ರವ ಆಕ್ಸಿಜನ್ ಅಯಸ್ಕಾಂತದ ಧ್ರುವಗಳ ನಡುವೆ ಅಂಟಿ ನಿಲ್ಲುತ್ತದೆ. ಜೊತೆಯಿಲ್ಲದ ಎಲೆಕ್ಟ್ರಾನ್‌ಗಳಿದ್ದರಷ್ಟೇ ಅದು ಸಾಧ್ಯ. ಇದಕ್ಕೆ ಅಣು ಕಕ್ಷಕ ಸಿದ್ಧಾಂತ ಬೇಕು, ಚುಕ್ಕಿ ಗೆರೆಗಳಿಗೆ ಎಟುಕದು.

ಬರೆದು ಮುಗಿಸುವ ಮುನ್ನ

ಅಯಾನು ಆಗಿದ್ದರೆ ಇಡೀ ಚಿತ್ರಕ್ಕೆ ಚೌಕ ಆವರಣ ಹಾಕಿ, ಹೊರಗೆ ಬಲಮೇಲೆ ಆವೇಶ ಬರೆಯಿರಿ. ಇದನ್ನು ಬಿಟ್ಟಿದ್ದಕ್ಕೇ ಅಂಕ ಹೋಗುತ್ತದೆ. ಫಾರ್ಮಲ್ ಚಾರ್ಜ್ ಬೇರೆ, ಅದು ಪರಮಾಣುವಿನ ಪಕ್ಕದಲ್ಲೇ.

ಸೋಡಿಯಂ ಕ್ಲೋರೈಡಿನಲ್ಲಿ ಸೋಡಿಯಂಗೂ ಕ್ಲೋರೀನ್‌ಗೂ ನಡುವೆ ಗೆರೆ ಎಳೆಯಬೇಡಿ. ಅಲ್ಲಿ ಹಂಚಿಕೆ ಇಲ್ಲ, ವರ್ಗಾವಣೆ. ಎರಡು ಅಯಾನುಗಳನ್ನು ಬೇರೆಬೇರೆ ಬರೆಯಿರಿ. ಅಮೋನಿಯಂ ನೈಟ್ರೇಟ್ ಎಂದರೂ ಎರಡು ಆವರಣ, ಎರಡು ಪ್ರತ್ಯೇಕ ಲೆಕ್ಕ. ಒಂದೇ ಹುಂಡಿಗೆ ಹಾಕಿದರೆ ಚಿತ್ರ ಕೂಡುವುದೇ ಇಲ್ಲ.

ನೀರನ್ನು ನೇರ ಸಾಲಿನಲ್ಲಿ ಬರೆದರೂ ಲೂಯಿಸ್ ರಚನೆಯಾಗಿ ತಪ್ಪಲ್ಲ. ಯಾರು ಯಾರಿಗೆ ಅಂಟಿದ್ದಾರೆ ಎಂಬುದಷ್ಟೇ ಇಲ್ಲಿ ಮುಖ್ಯ, 104.5 ಡಿಗ್ರಿಯ ಬಾಗು ತೋರಿಸುವುದು ಇದರ ಕೆಲಸವಲ್ಲ. ಆದರೆ ಆಕಾರ ಊಹಿಸುವಾಗ ಕೇಂದ್ರದ ಮೇಲಿನ ಒಂಟಿ ಜೋಡಿಗಳನ್ನೂ ಎಣಿಸಬೇಕು. ಒಂದು ಜೋಡಿ ಮರೆತರೆ ಅಮೋನಿಯಾ ಚಪ್ಪಟೆಯಾಗಿಬಿಡುತ್ತದೆ.

ಅಭ್ಯಾಸಕ್ಕೆ ಕೆಲವು. ಮೊದಲ ಅಂಕಿ ಹುಂಡಿ, ಎರಡನೆಯದು ಬಂಧಗಳು, ಮೂರನೆಯದು ಒಂಟಿ ಜೋಡಿಗಳು. ಬರೆದು ಮುಗಿಸಿದ ಮೇಲೆ ತಾಳೆ ನೋಡಿ.

ಹೈಡ್ರೋಜನ್ ಪೆರಾಕ್ಸೈಡ್: 14, 3, 4
ಅಸಿಟಿಲೀನ್: 10, 5, 0
ಕ್ಲೋರೋಫಾರ್ಮ್: 26, 4, 9
ಯೂರಿಯಾ: 24, 8, 4
ಕಾರ್ಬೊನೇಟ್ ಅಯಾನು: 24, 4, 8
ಎಂಟು ಗಂಧಕಗಳ ಉಂಗುರ: 48, 8, 16
ನೈಟ್ರಿಕ್ ಆಮ್ಲ: 24, 5, 7

ಯೂರಿಯಾದಲ್ಲಿ ಕಾರ್ಬನ್ ನಡುವೆ, ನೈಟ್ರೋಜನ್‌ಗಳು ಎರಡು ಪಕ್ಕ, ದ್ವಿಬಂಧ ಆಕ್ಸಿಜನ್‌ಗೆ. ನೈಟ್ರಿಕ್ ಆಮ್ಲದಲ್ಲಿ ನೈಟ್ರೋಜನ್ ಮೇಲೆ +1, ಒಂದು ಆಕ್ಸಿಜನ್ ಮೇಲೆ −1 ಬಂದರೆ ಅಳಿಸಲು ಹೋಗಬೇಡಿ, ಅದು ಹಾಗೇ ಇರಬೇಕು; ಹೈಡ್ರೋಜನ್ ಇಲ್ಲದ ಎರಡು ಆಕ್ಸಿಜನ್‌ಗಳ ನಡುವೆ ದ್ವಿಬಂಧವನ್ನು ಅದಲುಬದಲು ಮಾಡಿ ಎರಡನೇ ರೂಪವನ್ನೂ ಪಕ್ಕದಲ್ಲಿ ಬರೆಯಿರಿ.